ನಿಂಜಾ ಅಡಗುತಾಣದ ಹಲವು ದಾರಿಗಳು

ಒಂದು ಹಳೆಯ ಜಪಾನೀ ಮನೆ. ಮರದ ಕಂಬಗಳು, ದಪ್ಪ ತೊಲೆಗಳು, ಚಾಪೆ ಹಾಸಿದ ಕೋಣೆಗಳು. ಆ ಮನೆಯೊಳಕ್ಕೆ ಹನ್ನೆರಡು ಪುಟ್ಟ ಗಾಡಿಗಳು ಒಂದರ ಹಿಂದೊಂದು ಭರ್ರೆಂದು ನುಗ್ಗುತ್ತವೆ. ಕೆಲವು ನೆಲದ ಮೇಲೆ ಓಡುತ್ತವೆ, ಕೆಲವು ಮೇಲಂತಸ್ತಿಗೆ ಹಾರುತ್ತವೆ. ಒಂದೇ ಗುರಿಗೆ ಅಲ್ಲಿ ಹಲವು ದಾರಿ. ಕಪ್ಪು ಬಟ್ಟೆಯ ಮುಸುಕುಧಾರಿಗಳು ನಿಂತು ನೋಡುತ್ತಿರುತ್ತಾರೆ. ಇದು ‘ಮಾರಿಯೊ ಕಾರ್ಟ್’ ಎಂಬ ವಿಡಿಯೊ ಆಟದ ಒಂದು ಓಟದ ಹಾದಿ. ಹೆಸರು ‘ನಿಂಜಾ ಹೈಡ್‌ಅವೇ’, ಅಂದರೆ ನಿಂಜಾಗಳ ಅಡಗುತಾಣ.

ಜಪಾನಿನ ನಿಂಟೆಂಡೊ ಕಂಪನಿ ಮಾರಿಯೊ ಕಾರ್ಟ್ ಸರಣಿಯ ಮೊದಲ ಆಟವನ್ನು ಹೊರತಂದದ್ದು 1992ರಲ್ಲಿ. ಮೊಬೈಲ್ ಫೋನಿನಲ್ಲಿ ಆಡುವ ‘ಮಾರಿಯೊ ಕಾರ್ಟ್ ಟೂರ್’ ಬಂದದ್ದು 2019ರಲ್ಲಿ. ಈ ಅಡಗುತಾಣ ಮೊದಲು ಕಾಣಿಸಿಕೊಂಡದ್ದು ಆ ಫೋನಿನ ಆಟದಲ್ಲಿ, 2021ರಲ್ಲಿ. ಮರುವರ್ಷ, 2022ರ ಮಾರ್ಚ್ 18ರಂದು, ಸ್ವಿಚ್ ಯಂತ್ರದ ‘ಮಾರಿಯೊ ಕಾರ್ಟ್ 8 ಡಿಲಕ್ಸ್’ಗೂ ಅದು ಸೇರಿತು. ಜಗತ್ತಿನಾದ್ಯಂತ 6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಆಟ ಅದು. ಹೀಗಾಗಿ ಜಪಾನನ್ನು ಭೂಪಟದಲ್ಲಿ ಗುರುತಿಸಲಾರದ ಎಷ್ಟೋ ಮಕ್ಕಳು ಈ ಮನೆಯ ಮೂಲೆಮೂಲೆಯನ್ನೂ ಬಲ್ಲರು.

ಮಕ್ಕಳ ಓಟದ ಆಟದೊಳಕ್ಕೆ ಬೇಹುಗಾರರ ಮನೆ ಬಂದದ್ದು ಹೇಗೆ? ಆ ಮನೆಯ ಹಿಂದೆ ನಿಜವಾದ ಮನೆಗಳಿವೆ. ಆ ಮುಸುಕಿನ ಹಿಂದೆ ನಿಜವಾದ ಹಳ್ಳಿಗರಿದ್ದಾರೆ. ಅವರಲ್ಲಿ ಬಹುಮಂದಿಯ ಹಳ್ಳಿಗಳು ಒಂದು ಕಾಲದಲ್ಲಿ ಸುಟ್ಟು ಬೂದಿಯಾದವು. ಉಳಿದದ್ದು ಒಂದು ವೇಷ. ಆ ವೇಷವೂ ಅವರದಾಗಿರಲಿಲ್ಲ.

ರಾಜಧಾನಿಯ ನೆರೆಯ ಗುಡ್ಡಗಳು

ನಿಂಟೆಂಡೊ ಹುಟ್ಟಿದ್ದು 1889ರಲ್ಲಿ, ಕ್ಯೋಟೊ ನಗರದಲ್ಲಿ. ಆಗ ಅದು ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು ತಯಾರಿಸುತ್ತಿತ್ತು. ಈಗಲೂ ಅದರ ಕೇಂದ್ರ ಕಚೇರಿ ಕ್ಯೋಟೊದಲ್ಲೇ ಇದೆ. ಆ ನಗರದಿಂದ ಆಗ್ನೇಯ ದಿಕ್ಕಿಗೆ ಗುಡ್ಡಗಳನ್ನು ದಾಟಿದರೆ ಇಗಾ ಮತ್ತು ಕೋಕಾ ಎಂಬ ಎರಡು ಸೀಮೆಗಳು ಸಿಗುತ್ತವೆ. ನಡುವೆ ಒಂದು ಬೆಟ್ಟದ ಸಾಲು, ಆಚೆಗೊಂದು, ಈಚೆಗೊಂದು. ಇಂದು ಇಗಾ ಮಿಎ ಪ್ರಾಂತ್ಯದಲ್ಲೂ ಕೋಕಾ ಶಿಗಾ ಪ್ರಾಂತ್ಯದಲ್ಲೂ ಇವೆ. ನಿಂಜಾ ಎಂಬ ಹೆಸರಿನೊಡನೆ ಜಪಾನೀಯರು ಮೊದಲು ನೆನೆಯುವ ಊರುಗಳು ಇವೇ.

ಕ್ಯೋಟೊ ಶತಮಾನಗಳ ಕಾಲ ಜಪಾನಿನ ರಾಜಧಾನಿಯಾಗಿತ್ತು. 15 ಮತ್ತು 16ನೆಯ ಶತಮಾನಗಳಲ್ಲಿ ದೇಶದಲ್ಲಿ ಒಬ್ಬ ದೊರೆಯ ಮಾತು ನಡೆಯುತ್ತಿರಲಿಲ್ಲ. ಸೀಮೆ ಸೀಮೆಗೂ ಒಬ್ಬ ದಂಡನಾಯಕ, ಅವರೊಳಗೆ ಬಿಡುವಿಲ್ಲದ ಕಾದಾಟ. ರಾಜಧಾನಿಯಲ್ಲಿ ಸೋತವರು ಅಡಗಲು ಹತ್ತಿರದ ಈ ಗುಡ್ಡಗಳಿಗೆ ಓಡಿಬರುತ್ತಿದ್ದರು. ಇಲ್ಲಿ ದೊಡ್ಡ ಪ್ರಭುಗಳಿರಲಿಲ್ಲ. ಶಾಂತಿಯ ಕಾಲದಲ್ಲಿ ಗದ್ದೆ ಗೇಯುತ್ತ, ಕರೆ ಬಂದರೆ ಕತ್ತಿ ಹಿಡಿಯುವ ಸಣ್ಣ ಸಣ್ಣ ಮನೆತನಗಳಿದ್ದವು. ಒಂದೊಂದು ಮನೆತನವೂ ತನ್ನ ಮನೆಯ ಸುತ್ತ ಮಣ್ಣಿನ ಏರಿ ಕಟ್ಟಿ ಅದನ್ನೇ ಕೋಟೆಯಾಗಿಸಿಕೊಂಡಿತ್ತು. ಅಂತಹ ನೂರಾರು ಕೋಟೆಮನೆಗಳ ಅವಶೇಷಗಳು ಅಲ್ಲಿನ ಬಿದಿರುಮೆಳೆಗಳ ನಡುವೆ ಇಂದಿಗೂ ಕಾಣಸಿಗುತ್ತವೆ.

ಈ ಗುಡ್ಡಗಾಡಿನವರ ಹೆಸರು ದೇಶದಲ್ಲಿ ಹಬ್ಬಿದ್ದು 1487ರ ಒಂದು ದಂಡಯಾತ್ರೆಯಿಂದ. ಆಗಿನ ಶೋಗುನ್, ಅಂದರೆ ಮಹಾದಂಡನಾಯಕ ಅಶಿಕಾಗಾ ಯೊಶಿಹಿಸಾ, ತನ್ನ ಮಾತು ಮೀರಿದ ರೊಕ್ಕಾಕು ಎಂಬ ಸರದಾರನನ್ನು ಬಗ್ಗುಬಡಿಯಲು ದಂಡು ತೆಗೆದುಕೊಂಡು ಬಂದ. ಸರದಾರ ಕೋಕಾದ ಕಾಡು ಸೇರಿದ. ಕೋಕಾದವರು ರಾತ್ರಿಯ ಹೊತ್ತಿನಲ್ಲಿ ಶೋಗುನನ ಪಾಳೆಯಕ್ಕೇ ನುಗ್ಗಿ ದಾಂಧಲೆ ಎಬ್ಬಿಸಿದರು. ದಂಡಯಾತ್ರೆ ಮುಗಿಯುವ ಮೊದಲೇ, 1489ರಲ್ಲಿ, ಯೊಶಿಹಿಸಾ ಪಾಳೆಯದಲ್ಲೇ ಕಾಯಿಲೆಯಿಂದ ತೀರಿಕೊಂಡ. ನೇರ ಯುದ್ಧದಲ್ಲಿ ಗೆಲ್ಲಲಾಗದ ಶತ್ರುವನ್ನು ಕತ್ತಲೆಯಲ್ಲಿ ಕಾಡಬಹುದೆಂಬ ಪಾಠ ಎಲ್ಲರಿಗೂ ತಿಳಿಯಿತು. ಅಂದಿನಿಂದ ಬೇರೆ ಸೀಮೆಗಳ ದೊರೆಗಳೂ ಈ ಜನರನ್ನು ಕೂಲಿ ಕೊಟ್ಟು ಕರೆಸಿಕೊಳ್ಳತೊಡಗಿದರು.

ಇವರನ್ನು ಆಗ ಕರೆಯುತ್ತಿದ್ದುದು ‘ಶಿನೊಬಿ’ ಎಂದು. ಅಡಗುವುದು, ತಾಳಿಕೊಳ್ಳುವುದು ಎಂಬ ಎರಡು ಅರ್ಥಗಳೂ ಆ ಮಾತಿನಲ್ಲಿವೆ. ಅದನ್ನು ಬರೆಯುವ ಅಕ್ಷರದಲ್ಲಿ ಮೇಲೆ ‘ಅಲಗು’, ಕೆಳಗೆ ‘ಹೃದಯ’. ಅದೇ ಅಕ್ಷರವನ್ನು ಇನ್ನೊಂದು ಕ್ರಮದಲ್ಲಿ ಓದಿ ಪಡೆದ ‘ನಿಂಜಾ’ ಎಂಬ ಮಾತು ಜಪಾನಿನಲ್ಲೇ ಜನಜನಿತವಾದದ್ದು ಎರಡನೆಯ ಮಹಾಯುದ್ಧದ ಅನಂತರ. ಆ ಹೆಸರಿನಿಂದ ಕರೆದಿದ್ದರೆ 16ನೆಯ ಶತಮಾನದ ಶಿನೊಬಿ ಹಿಂದಿರುಗಿಯೂ ನೋಡುತ್ತಿರಲಿಲ್ಲ.

ಒಕ್ಕೂಟದ ಏಳುಬೀಳು

ಇಗಾದ ಮನೆತನಗಳು ತಮ್ಮೊಳಗೇ ಒಂದು ಒಕ್ಕೂಟ ಮಾಡಿಕೊಂಡಿದ್ದವು. 1560ರ ಸುಮಾರಿನದೆಂದು ವಿದ್ವಾಂಸರು ಗುರುತಿಸುವ ಅದರ ಕಟ್ಟಳೆಪತ್ರವೊಂದು ಉಳಿದುಬಂದಿದೆ. ಅದರಲ್ಲಿ 11 ಕಲಮುಗಳು. ಹೊರಗಿನ ಸೈನ್ಯ ಸೀಮೆಯೊಳಕ್ಕೆ ಕಾಲಿಟ್ಟರೆ ಹಳ್ಳಿ ಹಳ್ಳಿಯಲ್ಲೂ ಗಂಟೆ ಬಾರಿಸಬೇಕು; 17ರಿಂದ 50 ವರ್ಷದವರೆಗಿನ ಗಂಡಸರೆಲ್ಲ ಹೊರಡಬೇಕು; ಶತ್ರುವಿನ ಕೋಟೆಯನ್ನು ಹಿಡಿದ ಸಾಮಾನ್ಯನಿಗೂ ಸಮುರಾಯ್ ಪದವಿ ಸಿಗಬೇಕು. ಹುಟ್ಟಿನಿಂದಲೇ ಸ್ಥಾನಮಾನ ನಿಶ್ಚಯವಾಗುತ್ತಿದ್ದ ಕಾಲಕ್ಕೆ ಈ ಕೊನೆಯ ಮಾತು ಸಣ್ಣದಲ್ಲ. ನಿಂಜಾಗಳೆಂದರೆ ಒಂಟಿಯಾಗಿ ಮಾಡಿನ ಮೇಲೆ ಓಡಾಡುವ ಮಾಯಾವಿಗಳೆಂಬ ಕಲ್ಪನೆಗೂ ಈ ಪತ್ರಕ್ಕೂ ಬಹಳ ದೂರ. ಇಲ್ಲಿ ಕಾಣುವುದು ತಮ್ಮ ನೆಲವನ್ನು ತಾವೇ ಆಳಿಕೊಳ್ಳಲು ಹೊರಟ ರೈತ-ಯೋಧರ ಊರೊಟ್ಟಿನ ಬದುಕು.

ಆ ಬದುಕು ಹೆಚ್ಚು ಕಾಲ ಬಾಳಲಿಲ್ಲ. ಇಡೀ ದೇಶವನ್ನು ತನ್ನ ಕೈಕೆಳಗೆ ತರಲು ಹೊರಟಿದ್ದ ಓಡಾ ನೊಬುನಾಗಾನ ಮಗ ನೊಬುಕಾತ್ಸು 1579ರಲ್ಲಿ, ತಂದೆಯ ಅಪ್ಪಣೆಯಿಲ್ಲದೆ, ಇಗಾದ ಮೇಲೆ ಏರಿಹೋದ. ಗುಡ್ಡದ ಕಣಿವೆಗಳಲ್ಲಿ ಸಿಕ್ಕಿಬಿದ್ದು, ಪೆಟ್ಟು ತಿಂದು ಹಿಂದಿರುಗಿದ. ತಂದೆಗೆ ಮಗನ ಮೇಲೂ ಸಿಟ್ಟು, ಇಗಾದ ಮೇಲೂ ಸಿಟ್ಟು. 1581ರಲ್ಲಿ ನೊಬುನಾಗಾನ ದೊಡ್ಡ ಸೈನ್ಯ ಹಲವು ದಿಕ್ಕುಗಳಿಂದ ಏಕಕಾಲಕ್ಕೆ ಇಗಾವನ್ನು ಹೊಕ್ಕಿತು. ಅದರ ಸಂಖ್ಯೆ 40 ಸಾವಿರಕ್ಕೂ ಮೇಲೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಳ್ಳಿಗಳು, ದೇಗುಲಗಳು ಉರಿದವು. ಹೆಂಗಸರು ಮಕ್ಕಳೆನ್ನದೆ ಜನ ಸತ್ತರು. ಅಡಗುವುದರಲ್ಲಿ ದೇಶಕ್ಕೇ ಹೆಸರಾಗಿದ್ದ ಜನರಿಗೆ ತಮ್ಮ ಊರನ್ನು ಅಡಗಿಸಿಡುವ ವಿದ್ಯೆ ತಿಳಿದಿರಲಿಲ್ಲ. ಅಳಿದುಳಿದವರು ನೆರೆಯ ಸೀಮೆಗಳಿಗೆ ಚದುರಿಹೋದರು.

ಮರುವರ್ಷವೇ ಕಾಲಚಕ್ರ ತಿರುಗಿತು. 1582ರ ಜೂನ್‌ನಲ್ಲಿ ನೊಬುನಾಗಾ ಕ್ಯೋಟೊದಲ್ಲಿ ತನ್ನ ಸೇನಾಪತಿಯೊಬ್ಬನ ದ್ರೋಹಕ್ಕೆ ಬಲಿಯಾದ. ಅವನ ಮಿತ್ರ ತೊಕುಗಾವಾ ಇಎಯಾಸು ಆಗ ಸಕಾಯ್ ಪಟ್ಟಣದಲ್ಲಿದ್ದ. ಜೊತೆಗೆ ಕೆಲವೇ ಮಂದಿ, ಸುತ್ತಲೂ ಶತ್ರುಗಳು. ಇಗಾದ ಗುಡ್ಡಗಳನ್ನು ಹಾದು ಕಡಲತೀರ ಸೇರಿ, ದೋಣಿ ಹತ್ತಿ ಅವನು ತನ್ನ ನಾಡು ಮುಟ್ಟಿದ. ದಾರಿಯಲ್ಲಿ ಅವನನ್ನು ಕಾದವರಲ್ಲಿ ಇಗಾ, ಕೋಕಾದವರಿದ್ದರು. ಇಗಾ ಮೂಲದ ಮನೆತನದ ಹತ್ತೊರಿ ಹಾನ್‌ಝೊ ಅವನ ಜೊತೆಗಿದ್ದ. ಆ ಉಪಕಾರವನ್ನು ಇಎಯಾಸು ಮರೆಯಲಿಲ್ಲ. 1603ರಲ್ಲಿ ಅವನು ಶೋಗುನ್ ಆದ. ಅವನ ವಂಶದ ಆಳ್ವಿಕೆ 1868ರ ತನಕ ನಡೆಯಿತು. ಎಡೊ ಕೋಟೆಯ, ಅಂದರೆ ಇಂದಿನ ಟೋಕಿಯೊ ಅರಮನೆಯ, ಕಾವಲಿಗೆ ಇಗಾದವರು ನೇಮಕವಾದರು. ಕೋಟೆಯ ಪಶ್ಚಿಮದ ಬಾಗಿಲಿಗೆ ‘ಹಾನ್‌ಝೊಮೊನ್’, ಹಾನ್‌ಝೊನ ಬಾಗಿಲು, ಎಂಬ ಹೆಸರು ನಿಂತಿತು. ಟೋಕಿಯೊದ ಒಂದು ಮೆಟ್ರೊ ಮಾರ್ಗಕ್ಕೂ ಇಂದು ಅದೇ ಹೆಸರು.

ಹೀಗೆ ಬೇಹುಗಾರರು ಬಾಗಿಲು ಕಾಯುವವರಾದರು. ಇವರ ಹಳೆಯ ವಿದ್ಯೆಗೆ ಕೊನೆಯದಾಗಿ ದೊಡ್ಡ ಕರೆ ಬಂದದ್ದು 1638ರಲ್ಲಿ. ಕ್ಯೂಶೂ ದ್ವೀಪದ ಶಿಮಾಬಾರಾದಲ್ಲಿ ದಂಗೆಯೆದ್ದ ರೈತರು ಮತ್ತು ಕ್ರೈಸ್ತರು ಹಾರಾ ಕೋಟೆಯನ್ನು ಹಿಡಿದು ಕುಳಿತಿದ್ದರು. ಕೋಕಾದಿಂದ ಹೋದ ಹತ್ತು ಮಂದಿ ರಾತ್ರಿ ಕೋಟೆಯೊಳಕ್ಕೆ ನುಸುಳಿದರು. ಅಲ್ಲಿಯವರ ಆಡುನುಡಿಯೂ ಕ್ರೈಸ್ತರ ಪ್ರಾರ್ಥನೆಯ ಮಾತೂ ಇವರಿಗೆ ತಿಳಿಯದಾಯಿತು. ಕತ್ತಲಲ್ಲಿ ಒಬ್ಬ ಹಳ್ಳಕ್ಕೆ ಬಿದ್ದ. ಕಲ್ಲೇಟುಗಳ ನಡುವೆ ಹೇಗೋ ಪಾರಾಗಿ ಬಂದರು. ಕಥೆಗಳ ನಿಂಜಾ ಎಂದೂ ಎಡವುವುದಿಲ್ಲ. ನಿಜವಾದ ಶಿನೊಬಿ ಎಡವುತ್ತಿದ್ದ, ಗಾಯಗೊಳ್ಳುತ್ತಿದ್ದ, ಆದರೂ ಸುದ್ದಿ ತರುತ್ತಿದ್ದ.

ವಿದ್ಯೆ ಗ್ರಂಥ ಸೇರಿದಾಗ

ಯುದ್ಧಗಳು ನಿಂತ ಮೇಲೆ ವಿದ್ಯೆ ಮರೆತುಹೋಗುವ ಭಯ ಹುಟ್ಟಿತು. 1676ರಲ್ಲಿ ಇಗಾದ ಫುಜಿಬಯಾಶಿ ಮನೆತನದವನೊಬ್ಬ ‘ಬಾನ್‌ಸೆನ್‌ಶೂಕಾಯ್’ ಎಂಬ ದೊಡ್ಡ ಗ್ರಂಥವನ್ನು ಸಂಕಲಿಸಿದ. ಹತ್ತುಸಾವಿರ ಹೊಳೆಗಳು ಕಡಲನ್ನು ಸೇರುತ್ತವೆ ಎಂಬುದು ಆ ಹೆಸರಿನ ಭಾವ. ಗ್ರಂಥದ ಸಂಪುಟಗಳು 22. ಗೋಡೆ ಹತ್ತುವ, ಬೀಗ ತೆಗೆಯುವ, ನೀರು ದಾಟುವ ಸಲಕರಣೆಗಳು, ಮದ್ದಿನ ಪುಡಿಯ ಪಾಕಗಳು ಎಲ್ಲವೂ ಅದರಲ್ಲಿವೆ. ಆದರೆ ಅದು ಮೊದಲು ಮಾತಾಡುವುದು ನೆಟ್ಟಗಿನ ಮನಸ್ಸಿನ ಬಗ್ಗೆ. ಸ್ವಂತ ಲಾಭಕ್ಕೆ ಬಳಸಿದರೆ ಈ ವಿದ್ಯೆ ಕಳ್ಳತನವಾಗುತ್ತದೆಂಬ ಎಚ್ಚರ ಅದಕ್ಕಿದೆ.

ಗ್ರಂಥ ಬೇಹುಗಾರಿಕೆಯನ್ನು ಎರಡಾಗಿ ವಿಂಗಡಿಸುತ್ತದೆ. ಒಂದು, ಹಗಲು ಬೆಳಕಿನಲ್ಲಿ ವೇಷ ಮರೆಸಿಕೊಂಡು ಶತ್ರುವಿನ ನಡುವೆ ಓಡಾಡುವುದು. ಇನ್ನೊಂದು, ಕತ್ತಲಲ್ಲಿ ಕಣ್ಣು ತಪ್ಪಿಸಿ ಒಳಹೋಗುವುದು. 1681ರ ‘ಶೋನಿಂಕಿ’ ಎಂಬ ಇನ್ನೊಂದು ಗ್ರಂಥ ಏಳು ವೇಷಗಳನ್ನು ಹೆಸರಿಸುತ್ತದೆ: ಕೊಳಲೂದುವ ಭಿಕ್ಷು, ಸನ್ಯಾಸಿ, ಬೆಟ್ಟದ ತಪಸ್ವಿ, ವ್ಯಾಪಾರಿ, ಬೀದಿಯ ಆಟಗಾರ, ನಾಟಕದವ ಮತ್ತು ಸಾಮಾನ್ಯ ಮನುಷ್ಯ. ನಮ್ಮ ಹಗಲುವೇಷದವರಂತೆ ಇವರದೂ ಹಾಡಹಗಲಿನ ವೇಷ. ಚಪ್ಪಾಳೆ ಮಾತ್ರ ಇವರಿಗೆ ಬೇಡ. ಬಟ್ಟೆಯ ಬಣ್ಣದ ವಿಷಯದಲ್ಲೂ ಶೋನಿಂಕಿಯ ಸಲಹೆ ಸರಳ. ಕಂದು, ಕಡುನೀಲಿ, ಕಪ್ಪು ಬಣ್ಣಗಳನ್ನು ಜನ ಸಾಮಾನ್ಯವಾಗಿ ಉಡುವುದರಿಂದ ಅವೇ ಒಳ್ಳೆಯವು. ನಾಲ್ಕು ಜನರಲ್ಲಿ ಐದನೆಯವನಾಗುವುದೇ ಗುಟ್ಟು. ಅಡಿಯಿಂದ ಮುಡಿಯವರೆಗೆ ಕಪ್ಪು ಸುತ್ತಿ, ಕಣ್ಣಷ್ಟೇ ತೋರಿಸುತ್ತ ಪೇಟೆಗೆ ಹೋದವನನ್ನು ಮೊದಲ ಕಾವಲುಗಾರನೇ ಹಿಡಿಯುತ್ತಿದ್ದ.

ಒಳ್ಳೆಯ ಶಿನೊಬಿಯ ಹೆಸರು ಯಾರಿಗೂ ತಿಳಿಯದು, ತಿಳಿಯದಿರುವುದೇ ಅವನ ಹೆಚ್ಚುಗಾರಿಕೆ ಎಂಬ ವಿಚಾರವೂ ಗ್ರಂಥದಲ್ಲಿದೆ. ಆದರೆ ಹೆಸರಿಲ್ಲದೆ ಬದುಕುವುದಕ್ಕೂ ಹೊಟ್ಟೆಗಿಲ್ಲದೆ ಬದುಕುವುದಕ್ಕೂ ವ್ಯತ್ಯಾಸವಿದೆ. ಕೋಕಾದ ಮನೆತನಗಳು ಬಡತನಕ್ಕೆ ಬಿದ್ದಿದ್ದವು. 1789ರಲ್ಲಿ ಅವರ ಪ್ರತಿನಿಧಿಗಳು ಎಡೊಗೆ ಹೋಗಿ, ತಮ್ಮ ಪೂರ್ವಜರ ಸೇವೆಯನ್ನು ನೆನಪಿಸಿ, ಕೆಲಸ ಕೊಡಿರೆಂದು ಸರ್ಕಾರಕ್ಕೆ ಅರ್ಜಿ ಹಾಕಿಕೊಂಡರು. ಜೊತೆಗೆ ಒಪ್ಪಿಸಿದ್ದು ಬಾನ್‌ಸೆನ್‌ಶೂಕಾಯ್ ಗ್ರಂಥವನ್ನು. ಗುಟ್ಟನ್ನೇ ಕಸುಬಾಗಿ ಮಾಡಿಕೊಂಡಿದ್ದವರು ತಾವು ಯಾರೆಂದು ತೋರಿಸಲು ಆ ಗುಟ್ಟನ್ನೇ ಬಿಚ್ಚಿಡಬೇಕಾಯಿತು.

ಮನೆಯೊಳಗಿನ ಮನೆ

ಆಟದಲ್ಲಿ ಕಾಣುವಂತಹ ಮನೆಗಳು ನಿಜವಾಗಿಯೂ ಇದ್ದವೇ? ಇದ್ದವು, ಇವೆ. ಕೋಕಾದಲ್ಲಿ ಮೊಚಿಝುಕಿ ಮನೆತನದ ಮನೆಯೊಂದು 17ನೆಯ ಶತಮಾನದ ಕೊನೆಯಿಂದ ಉಳಿದುಬಂದಿದೆ. ಹೊರಗಿನಿಂದ ನೋಡಿದರೆ ಹುಲ್ಲುಮಾಡಿನ ಸಾಧಾರಣ ರೈತನ ಮನೆ. ಒಳಗೆ ಹೋದರೆ ಅಟ್ಟದ ಮೇಲೆ ಅಟ್ಟ. ತಳ್ಳಿದರೆ ತಿರುಗುವ ಗೋಡೆ, ನೆಲದ ಹಲಗೆಯ ಕೆಳಗೆ ಆಳವಾದ ಗುಂಡಿ, ಮೇಲಕ್ಕೆಳೆದುಕೊಳ್ಳುವ ಏಣಿ. ಚಾಪೆ ಕೆಳಗೆ ತೂರಿದವನನ್ನು ಹಿಡಿಯಲು ಬಂದವನಿಗೆ ರಂಗೋಲಿ ಕೆಳಗೆ ತೂರಿದವನ ಮನೆ ಸಿಕ್ಕಂತೆ. ಆ ಸೀಮೆಯವರು ಔಷಧಿ ತಯಾರಿಕೆಗೂ ಹೆಸರಾದವರು. ಔಷಧಿ ಹೊತ್ತು ಊರೂರು ಸುತ್ತುವವನಿಗೆ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಕೋಕಾದಲ್ಲಿ ಇಂದಿಗೂ ಔಷಧಿ ಉದ್ಯಮ ಮುಖ್ಯವಾದದ್ದು. ಇಗಾದ ಉಎನೊ ಪಟ್ಟಣದಲ್ಲೂ ನಿಂಜಾ ವಸ್ತುಸಂಗ್ರಹಾಲಯವಿದ್ದು, ತಿರುಗುಗೋಡೆಯ ಹಳೆಯ ಮನೆಯೊಂದನ್ನು ಅಲ್ಲಿ ತೋರಿಸುತ್ತಾರೆ.

ಈ ಮನೆಗಳಿಗೂ ಮೊದಲೇ ಕಟ್ಟಿದ ಕನಝಾವಾ ನಗರದ ಮ್ಯೋರ್ಯೂಜಿ ದೇಗುಲ ಇನ್ನೂ ವಿಚಿತ್ರ. ಮಾಎದಾ ಎಂಬ ಪ್ರಭುಗಳು 1643ರಲ್ಲಿ ಅದನ್ನು ಈಗಿರುವ ಜಾಗಕ್ಕೆ ತಂದರು. ಹೊರಗೆ ಎರಡಂತಸ್ತು, ಒಳಗೆ ನಾಲ್ಕು. ಕೋಣೆಗಳು 23, ಮೆಟ್ಟಿಲುಸಾಲುಗಳು 29. ಎಡೊದ ಸರ್ಕಾರ ಎಂದಾದರೂ ಮೇಲೆ ಬಿದ್ದರೆ ಎಂಬ ಅಂಜಿಕೆಯಿಂದ ಮಾಡಿಕೊಂಡ ಏರ್ಪಾಡು ಅದು. ಜನ ಅದನ್ನು ‘ನಿಂಜಾ ದೇಗುಲ’ ಎಂದೇ ಕರೆಯುತ್ತಾರೆ. ನಿಂಜಾಗಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಗುಟ್ಟಿನ ಬಾಗಿಲು ಕಂಡಲ್ಲೆಲ್ಲ ನಿಂಜಾನನ್ನು ಕಾಣುವ ಮಟ್ಟಿಗೆ ಆ ಹೆಸರು ಬೆಳೆದುಬಿಟ್ಟಿದೆ.

ರಂಗದಿಂದ ಪರದೆಗೆ

ಹೆಸರು ಹೀಗೆ ಬೆಳೆದದ್ದು ಕಥೆ, ನಾಟಕ, ಚಿತ್ರಗಳಿಂದ. ಕಪ್ಪೆಯ ಮಾಯಾವಿದ್ಯೆ ಬಲ್ಲ ಜಿರಾಯಾ ಎಂಬ ನಾಯಕನ ಕಥೆ 1806ರಲ್ಲಿ ಅಚ್ಚಾಯಿತು. ಮುಂದೆ ಕಬುಕಿ ರಂಗಕ್ಕೂ ಬಂತು. ಪ್ರಸಿದ್ಧ ಚಿತ್ರಕಾರ ಹೊಕುಸಾಯ್ 1817ರಲ್ಲಿ ಪ್ರಕಟಿಸಿದ ಒಂದು ಚಿತ್ರಸಂಪುಟದಲ್ಲಿ ಕಪ್ಪು ಬಟ್ಟೆಯ, ಮುಖ ಮುಚ್ಚಿಕೊಂಡ ಮನುಷ್ಯ ಹಗ್ಗ ಹಿಡಿದು ಮೇಲೇರುತ್ತಿದ್ದಾನೆ. ಇಂದು ಎಲ್ಲರೂ ನಿಂಜಾ ಎಂದು ಗುರುತಿಸುವ ರೂಪ ಅದು. ಕಬುಕಿಯಲ್ಲಿ ಸಾಮಾನು ಎತ್ತಿಡುವ ರಂಗಸಹಾಯಕರು ಅಡಿಮುಡಿ ಕಪ್ಪು ತೊಟ್ಟಿರುತ್ತಾರೆ. ಅವರು ಕಣ್ಣಿಗೆ ಕಂಡರೂ ‘ಇಲ್ಲ’ವೆಂದೇ ಪ್ರೇಕ್ಷಕರು ಭಾವಿಸಬೇಕು. ಅದೃಶ್ಯನಾದ ಬೇಹುಗಾರನ ವೇಷಕ್ಕೆ ಈ ಸಂಪ್ರದಾಯವೇ ಮೂಲವೆಂದು ಹಲವರು ವಿವರಿಸುತ್ತಾರೆ.

1911ರಿಂದ ಓಸಾಕಾ ನಗರದಲ್ಲಿ ‘ತಾಚಿಕಾವಾ ಬುಂಕೊ’ ಎಂಬ ಅಗ್ಗದ ಕಿಸೆ ಪುಸ್ತಕಗಳು ಹೊರಬಂದವು. ಊರೂರಲ್ಲಿ ಕಥೆ ಹೇಳುವವರ ಬಾಯಿಂದ ಬಂದ ಈ ಕಥೆಗಳನ್ನು ಅಂಗಡಿಯ ಹುಡುಗರು ಮುಗಿಬಿದ್ದು ಓದಿದರು. ಅದರಲ್ಲಿ ಬಂದ ಸಾರುತೊಬಿ ಸಾಸುಕೆ ಎಂಬ ಕಲ್ಪಿತ ಹುಡುಗ ಕೋತಿಯಂತೆ ಮರದಿಂದ ಮರಕ್ಕೆ ಹಾರಿ, ಕಣ್ಣೆದುರೇ ಮಾಯವಾಗಿ ಮನೆಮಾತಾದ. 1921ರಲ್ಲಿ ನಿರ್ದೇಶಕ ಮಾಕಿನೊ ಶೋಝೊ ಜಿರಾಯಾನ ಕಥೆಯನ್ನು ಮೂಕಿ ಚಿತ್ರವಾಗಿಸಿದಾಗ, ಮಾಯವಾಗುವ ವಿದ್ಯೆ ಕ್ಯಾಮೆರಾದ ಕೈಚಳಕಕ್ಕೆ ಸುಲಭವಾಗಿ ಒಲಿಯಿತು.

1960ರ ದಶಕದಲ್ಲಿ ಇನ್ನೊಂದು ತಿರುವು. ಮುರಾಯಾಮಾ ತೊಮೊಯೊಶಿ ಬರೆದ ‘ಶಿನೊಬಿ ನೊ ಮೊನೊ’ ಕಾದಂಬರಿ ಜಪಾನ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. 1962ರಲ್ಲಿ ಸಿನಿಮಾ ಆಯಿತು. ಮೇಲಿನವರು ದಾಳವಾಗಿ ಬಳಸಿ ಎಸೆಯುವ ಕೆಳಗಿನವರ ಕಥೆಯಾಗಿ ಅದು ನಿಂಜಾನನ್ನು ಕಂಡಿತು. ಇಗಾದ ಬೂದಿಯ ನೆನಪು ಕ್ಷಣಕಾಲ ಮರಳಿತು. ಆದರೆ 1967ರಲ್ಲಿ ಜೇಮ್ಸ್ ಬಾಂಡ್‌ನ ‘ಯು ಓನ್ಲಿ ಲಿವ್ ಟ್ವೈಸ್’ ಚಿತ್ರ ಹಿಮೇಜಿ ಕೋಟೆಯನ್ನೇ ನಿಂಜಾ ಶಾಲೆಯಾಗಿ ತೋರಿಸಿದ ಮೇಲೆ ನಿಂಜಾ ಲೋಕದ ಸ್ವತ್ತಾದ. 1980ರ ದಶಕದಲ್ಲಿ ಅಮೆರಿಕದ ಸಿನಿಮಾಗಳು, 1984ರಲ್ಲಿ ನಿಂಜಾ ಆಮೆಗಳ ಚಿತ್ರಕಥೆ, 1987ರಲ್ಲಿ ಸೆಗಾ ಕಂಪನಿಯ ‘ಶಿನೊಬಿ’, 1988ರಲ್ಲಿ ಟೆಕ್ಮೊ ಕಂಪನಿಯ ‘ನಿಂಜಾ ಗೈಡನ್’ ವಿಡಿಯೊ ಆಟಗಳು ಬಂದವು. ಇವುಗಳಲ್ಲೆಲ್ಲ ನಿಂಜಾ ಎಂದರೆ ಕೊಲ್ಲುವವನು. ಸುದ್ದಿ ತರುವವನು ಕಾಣೆಯಾದ.

ಆಟ ಉಳಿಸಿದ್ದು

ಈ ಹಿನ್ನೆಲೆಯಲ್ಲಿ ಓಟದ ಹಾದಿಯನ್ನು ಮತ್ತೆ ನೋಡಬೇಕು. ಅಲ್ಲಿನ ಮುಸುಕುಧಾರಿಗಳು ‘ಶೈ ಗೈ’ ಎಂಬ, ಮಾರಿಯೊ ಆಟಗಳ ಹಳೆಯ ಮುಖವಾಡದ ಪಾತ್ರಗಳು. ಅವರ ಬಟ್ಟೆ ರಂಗಭೂಮಿಯದು, ಇಗಾದ್ದಲ್ಲ. ಅಷ್ಟರ ಮಟ್ಟಿಗೆ ಆಟವೂ ಎರಡು ಶತಮಾನಗಳ ಹಳೆಯ ತಪ್ಪನ್ನೇ ಮುಂದುವರಿಸಿದೆ. ಆದರೆ ಮನೆಯ ಕಟ್ಟೋಣದಲ್ಲಿ ಅದು ಸತ್ಯಕ್ಕೆ ಹತ್ತಿರ ಬಂದಿದೆ. ಫೋನಿನಲ್ಲಿ ಎರಡು ಸುತ್ತು, ಸ್ವಿಚ್‌ನಲ್ಲಿ ಮೂರು ಸುತ್ತಿನ ಈ ಓಟದಲ್ಲಿ ಯಾರನ್ನೂ ಕೊಲ್ಲಬೇಕಾಗಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲರೂ ಕಣ್ಣಿಗೆ ಕಂಡ ದಾರಿ ಹಿಡಿಯುತ್ತಾರೆ. ಆಡಿ ಆಡಿ ಪಳಗಿದವನಿಗೆ ಯಾವ ಮೂಲೆಯಿಂದ ಮೇಲಂತಸ್ತಿಗೆ ಹಾರಬಹುದು, ಯಾವ ದಾರಿ ಹತ್ತಿರದ್ದು ಎಂಬುದು ಗೊತ್ತಿರುತ್ತದೆ. ಮನೆಯನ್ನು ಬಲ್ಲವನೇ ಮೊದಲು ಹೊರಬರುತ್ತಾನೆ. ಮೊಚಿಝುಕಿ ಮನೆಯನ್ನು ಕಟ್ಟಿದವರ ಲೆಕ್ಕಾಚಾರವೂ ಇದೇ ಆಗಿತ್ತು.

ಇತ್ತ ಇಗಾದಲ್ಲಿ ಹಳೆಯ ಕಾಗದಗಳನ್ನು ಬಿಚ್ಚಿ ಓದುವ ಕೆಲಸವೂ ನಡೆದಿದೆ. ಮಿಎ ವಿಶ್ವವಿದ್ಯಾಲಯ 2017ರಲ್ಲಿ ಅಂತಾರಾಷ್ಟ್ರೀಯ ನಿಂಜಾ ಸಂಶೋಧನಾ ಕೇಂದ್ರವನ್ನು ತೆರೆಯಿತು. ನಿಂಜಾ ಅಧ್ಯಯನದಲ್ಲಿ ಮೊದಲ ಸ್ನಾತಕೋತ್ತರ ಪದವಿಯನ್ನು 2020ರಲ್ಲಿ ಕೊಟ್ಟಿತು. ಆ ಪದವಿ ಪಡೆದ ವಿದ್ಯಾರ್ಥಿ ಓದಿನ ಜೊತೆಜೊತೆಗೇ ಇಗಾದಲ್ಲಿ ಬೇಸಾಯ ಮಾಡಿದ. ಶಿನೊಬಿಗಳು ಮೊದಲು ರೈತರು, ಆಮೇಲೆ ಬೇಹುಗಾರರು ಎಂಬುದು ಅದಕ್ಕೆ ಕಾರಣ.

ಈ ಊರುಗಳಿಗೆ ಪ್ರವಾಸಿಗಳು ಬರುವುದು ಕಪ್ಪು ವೇಷವನ್ನು ನೋಡಲು. ಬಾಡಿಗೆಗೆ ಸಿಗುವ ಬಣ್ಣಬಣ್ಣದ ನಿಂಜಾ ಉಡುಪು ತೊಟ್ಟು ಮಕ್ಕಳು ಬೀದಿಯಲ್ಲಿ ಓಡಾಡುತ್ತಾರೆ. ಆ ದುಡ್ಡಿನಿಂದ ಊರು ನಡೆಯುತ್ತದೆ, ಹಳೆಯ ಮನೆಗಳ ಮಾಡಿಗೆ ಹುಲ್ಲು ಬೀಳುತ್ತದೆ, ಕಟ್ಟಳೆಪತ್ರದ ಹನ್ನೊಂದು ಕಲಮುಗಳನ್ನು ಓದುವವರಿಗೂ ಕೆಲಸ ಸಿಗುತ್ತದೆ. 1789ರಲ್ಲಿ ಕೆಲಸ ಕೇಳಿಕೊಂಡು ಎಡೊಗೆ ಹೋದವರ ಊರಿಗೆ, ಅವರು ಎಂದೂ ತೊಡದ ಉಡುಪೇ ಇಂದು ಅನ್ನ ಕೊಡುತ್ತಿದೆ.